ಮಾಸಿದ ಕೆಂಪು ಕಾರಿಗೆ ಮರಳಿ ಮೆರುಗು

ಮನೆಯ ಮುಂದಿನ ಕಬ್ಬಿಣದ ಗೇಟಿಗೆ ಕೆಂಪು ಬಣ್ಣ ಬಳಿದು ನಾಲ್ಕಾರು ಬೇಸಗೆಗಳು ಕಳೆದ ಮೇಲೆ ಅದನ್ನು ಅಂಗೈಯಿಂದ ಸವರಿದರೆ, ಕೈಗೆ ಹಿಟ್ಟಿನಂತಹ ನಸುಗೆಂಪು ಪುಡಿ ಅಂಟಿಕೊಳ್ಳುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಗೇಟು ಆಗ ಕೆಂಪಾಗಿರುವುದಿಲ್ಲ. ಸುಣ್ಣ ಬೆರೆಸಿದಂತೆ ಬಿಳಿಚಿಕೊಂಡಿರುತ್ತದೆ. ಅದರ ಮೇಲೊಮ್ಮೆ ಒದ್ದೆ ಬಟ್ಟೆಯನ್ನು ಆಡಿಸಿದರೆ ಮೊದಲಿನ ಕೆಂಪು ಕ್ಷಣಕಾಲ ಮರಳಿ ಬಂದು, ನೀರು ಆರಿದೊಡನೆ ಮತ್ತೆ ಮರೆಯಾಗುತ್ತದೆ. ಬಣ್ಣವು ನಿಜವಾಗಿಯೂ ನಾಶವಾಗಿದ್ದರೆ ಅದನ್ನು ಮರಳಿ ತೋರಿಸುವ ಶಕ್ತಿ ನೀರಿಗೆ ಎಲ್ಲಿಂದ ಬಂದಿತು? ಈ ಚಿಕ್ಕ ಪ್ರಶ್ನೆಯನ್ನು ಹಿಡಿದು ಹೊರಟರೆ, ಹಳೆಯ ಕಾರುಗಳಿಗೆ ಅಂದವನ್ನು ಮರಳಿಸುವ ಕಸಬಿನ ಒಳಗುಟ್ಟು ಬಹುಮಟ್ಟಿಗೆ ತಿಳಿಯುತ್ತದೆ.

ಉದಾಹರಣೆಗಾಗಿ ನಾವು ಒಂದು ನಿರ್ದಿಷ್ಟ ಕಾರನ್ನೇ ಆರಿಸಿಕೊಳ್ಳೋಣ. ಜಪಾನಿನ ಹಿರೋಷಿಮಾ ಪ್ರಾಂತ್ಯದ ಮಾಜ್ದಾ ಸಂಸ್ಥೆಯು ೧೯೮೯ರ ಫೆಬ್ರುವರಿಯಲ್ಲಿ, ಅಮೆರಿಕದ ಚಿಕಾಗೋ ವಾಹನ ಪ್ರದರ್ಶನದಲ್ಲಿ, ಎಂ.ಎಕ್ಸ್.-೫ ಎಂಬ ಇಬ್ಬರು ಕೂರುವ ಪುಟ್ಟ ಕ್ರೀಡಾಕಾರನ್ನು ಜಗತ್ತಿಗೆ ತೋರಿಸಿತು. ಅಮೆರಿಕದವರು ಇದನ್ನು ಮಿಯಾಟಾ ಎಂದೂ ಜಪಾನಿನವರು ರೋಡ್‌ಸ್ಟರ್ ಎಂದೂ ಕರೆದರು. ಮಡಚಿ ಹಿಂದಕ್ಕೆ ಸರಿಸಬಹುದಾದ ಛಾವಣಿ, ಬೇಕಾದಾಗ ಮಾತ್ರ ಕಪ್ಪೆಯ ಕಣ್ಣಿನಂತೆ ಮೇಲೇಳುವ ದೀಪಗಳು, ಒಂದು ಟನ್ನಿಗಿಂತ ಕಡಿಮೆ ತೂಕ. ಮೊದಲ ಮಾದರಿಯು ೧೯೯೭ರವರೆಗೆ ನಾಲ್ಕು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಎಲ್ಲ ಮಾದರಿಗಳ ಒಟ್ಟು ಸಂಖ್ಯೆ ೨೦೧೬ರ ಏಪ್ರಿಲ್‌ನಲ್ಲಿ ಹತ್ತು ಲಕ್ಷವನ್ನು ಮುಟ್ಟಿತು. ನಮ್ಮ ರಸ್ತೆಗಳಲ್ಲಿ ಈ ಕಾರು ಕಾಣಸಿಗುವುದು ಅಪರೂಪ. ಆದರೆ ಮಾಜ್ದಾ ಎಂಬ ಹೆಸರು, ಒಂದು ಕಾಲದಲ್ಲಿ ನಮ್ಮ ಹೆದ್ದಾರಿಗಳಲ್ಲಿ ಓಡಾಡುತ್ತಿದ್ದ ಸ್ವರಾಜ್ ಮಾಜ್ದಾ ಮಿನಿಬಸ್ಸುಗಳ ದೆಸೆಯಿಂದ, ಹಿರಿಯರಿಗೆ ಪರಿಚಿತವೇ.

ಈ ಕಾರನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಇದು ಶ್ರೀಮಂತರ ಕಾರಲ್ಲ. ಹಳೆಯದಾಗಿ ಕಡಿಮೆ ಬೆಲೆಗೆ ದೊರೆತು, ಕೊಂಡವರು ರಜಾದಿನಗಳಲ್ಲಿ ತಮ್ಮ ಕೈಯಾರೆ ದುರಸ್ತಿ ಮಾಡಿಕೊಳ್ಳುವ ಕಾರೆಂದು ಹೆಸರಾಯಿತು. ಅಲ್ಲದೆ, ಮಾಜ್ದಾ ಸಂಸ್ಥೆಯೇ ೨೦೧೭ರಲ್ಲಿ, ಜಪಾನಿನಲ್ಲಿರುವ ಮೊದಲ ಮಾದರಿಯ ಕಾರುಗಳನ್ನು ತನ್ನಲ್ಲಿಗೆ ತರಿಸಿಕೊಂಡು ಹೊಸದರಂತೆ ಮಾಡಿಕೊಡುವ ಕಾರ್ಯವನ್ನು ಘೋಷಿಸಿತು. ಅದಕ್ಕಾಗಿ, ಎಂದೋ ನಿಂತುಹೋಗಿದ್ದ ಛಾವಣಿಯ ಹೊದಿಕೆ, ಮರದ ಸ್ಟಿಯರಿಂಗ್ ಚಕ್ರ, ಅಷ್ಟೇಕೆ, ಹಳೆಯ ವಿನ್ಯಾಸದ ಟಯರುಗಳನ್ನು ಸಹ ಮತ್ತೆ ತಯಾರಿಸಲಾಯಿತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಬಣ್ಣವೆಂದರೆ ರಾಳದಲ್ಲಿ ಹುದುಗಿಸಿದ ಬಣ್ಣದ ಪುಡಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಕೂಡಿ ಮೇಲ್ಮೈಯ ರಾಳವನ್ನು ಮುರಿಯುತ್ತವೆ. ಆಗ ಹಿಡಿದಿಡುವ ಅಂಟಿಲ್ಲದೆ ಪುಡಿ ಸಡಿಲಗೊಳ್ಳುತ್ತದೆ; ಮೇಲ್ಮೈಯು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳಿಂದ ತುಂಬಿ ಒರಟಾಗುತ್ತದೆ. ನುಣುಪಾದ ಮೇಲ್ಮೈಯ ಮೇಲೆ ಬಿದ್ದ ಬೆಳಕು ಕನ್ನಡಿಯಲ್ಲಿ ಆಗುವಂತೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿದ್ದಾರೆ. ಒರಟಾದ ಮೇಲ್ಮೈಯಾದರೋ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದುರಿಸುತ್ತದೆ. ಹಾಗೆ ಚದುರಿದ ಬಿಳಿಯ ಬೆಳಕು ಕೆಳಗಿನ ಕೆಂಪಿನೊಡನೆ ಬೆರೆತು ಕಣ್ಣನ್ನು ಮುಟ್ಟುವುದರಿಂದ ಕೆಂಪು ನಸುಗೆಂಪಾಗಿ ತೋರುತ್ತದೆ. ನೀರು ಆ ಗುಂಡಿಗಳನ್ನು ತುಂಬಿ ಮೇಲ್ಮೈಯನ್ನು ಸಮತಟ್ಟು ಮಾಡಿತು. ಅಡಿಯಲ್ಲಿ ಇದ್ದೇ ಇದ್ದ ಕೆಂಪು ಕಾಣಿಸಿತು. ಇಷ್ಟೇ ಅದರ ಮಹಿಮೆ.

ಆದುದರಿಂದ ಮಾಸಿದ ಬಣ್ಣವನ್ನು ಹೊಳೆಯಿಸುವುದೆಂದರೆ ಹೊಳಪನ್ನು ಹಚ್ಚುವುದಲ್ಲ, ಹಾಳಾದ ಮೇಲುಪದರವನ್ನು ನವಿರಾಗಿ ತೆಗೆದುಹಾಕುವುದು. ಪಾಲಿಷು ಎಂಬುದು ಬಹು ಸಣ್ಣ ಕಣಗಳ ಸಾಣೆಯೇ ಹೊರತು ಎಣ್ಣೆಯಲ್ಲ. ಪ್ರತಿಯೊಂದು ಸಲ ಪಾಲಿಷು ಮಾಡಿದಾಗಲೂ ಕಾರು ಸ್ವಲ್ಪ ಬಣ್ಣವನ್ನು ಕಳೆದುಕೊಳ್ಳುತ್ತದೆ.

ಎಷ್ಟು ಕಳೆದುಕೊಳ್ಳಬಹುದು? ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಅಸ್ತರು, ಅದರ ಮೇಲೆ ಬಣ್ಣ, ಇತ್ತೀಚಿನ ಕಾರುಗಳಲ್ಲಿ ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಗಾಜಿನಂತಹ ಪಾರಕ ಲೇಪ, ಹೀಗೆ ಹಲವು ಪದರಗಳಿವೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಎಲ್ಲವೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೇಲಿನ ಪಾರಕ ಲೇಪವೊಂದೇ ಸುಮಾರು ೪೦-೫೦ ಮೈಕ್ರಾನ್. ನಮ್ಮ ತಲೆಗೂದಲೊಂದರ ದಪ್ಪಕ್ಕಿಂತ ಹೆಚ್ಚಿಲ್ಲ. ಅದರಲ್ಲಿಯೂ ಬಿಸಿಲನ್ನು ತಡೆಯುವ ಗುಣವು ಮೇಲ್ಭಾಗದಲ್ಲಿಯೇ ಹೆಚ್ಚು. ಗೀರು ಹೋಗುವವರೆಗೂ ಉಜ್ಜುತ್ತೇನೆ ಎಂದು ಹಟ ಹಿಡಿದವನು ಅಂದು ಕನ್ನಡಿಯಂತಹ ಹೊಳಪನ್ನು ಪಡೆದಾನು. ಎರಡು ಮೂರು ಬೇಸಗೆಗಳಲ್ಲಿ ಆ ಲೇಪವು ಹಾವಿನ ಪೊರೆಯಂತೆ ಸುಲಿದು ಬರುವುದನ್ನೂ ಅವನೇ ನೋಡಬೇಕಾದೀತು. ಒಮ್ಮೆ ಸುಲಿಯತೊಡಗಿದ ಲೇಪವನ್ನು ಯಾವ ಪಾಲಿಷೂ ಉಳಿಸಲಾರದು. ಹೊಸ ಬಣ್ಣವೊಂದೇ ಅದಕ್ಕೆ ಗತಿ.

ನಮ್ಮ ಕೆಂಪು ಮಿಯಾಟಾದಲ್ಲಿ ಒಂದು ವಿಶೇಷವಿದೆ. ಅದರ ಮೊದಲ ಕೆಂಪು ಬಣ್ಣದ ಮೇಲೆ ಪಾರಕ ಲೇಪವಿರಲಿಲ್ಲ. ಬಣ್ಣವೇ ಮೇಲುಪದರ. ಬಿಸಿಲಿಗೆ ಅದು ನಮ್ಮ ಗೇಟಿನಂತೆಯೇ ಬಿಳಿಚಿಕೊಳ್ಳುತ್ತದೆ. ಆದರೆ ಹಾಳಾದ ಪದರದ ಕೆಳಗೆ ಕೆಂಪು ಇದ್ದೇ ಇರುವುದರಿಂದ ಅದನ್ನು ಮರಳಿ ಪಡೆಯುವುದು ಕೆಲವು ಹೊಸ ಕಾರುಗಳಿಗಿಂತಲೂ ಸುಲಭ. ಯಾವ ಬಗೆಯ ಬಣ್ಣವೆಂದು ತಿಳಿಯಲು ಒಂದು ಬಿಳಿಯ ಬಟ್ಟೆಗೆ ತುಸು ಪಾಲಿಷು ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿ ನೋಡಬೇಕು. ಬಟ್ಟೆ ಕೆಂಪಾದರೆ ಮೇಲೆ ಪಾರಕ ಲೇಪವಿಲ್ಲ. ಈ ಕೆಂಪನ್ನು ಕಂಡು ‘ಬಣ್ಣವೇ ಎದ್ದು ಬಂದಿತಲ್ಲ’ ಎಂದು ಗಾಬರಿಗೊಳ್ಳುವವರಿದ್ದಾರೆ. ಇಲ್ಲಿ ಅದು ಸಹಜವೇ.

ಕೆಲಸಕ್ಕೆ ಕೈಹಾಕುವ ಮೊದಲು ಅಳೆಯಬೇಕು. ಬಣ್ಣದ ದಪ್ಪವನ್ನು ಅಳೆಯುವ ಅಂಗೈಯಗಲದ ಉಪಕರಣವೊಂದಿದೆ. ಉಕ್ಕಿನ ತಗಡಿನ ಮೇಲೆ ಅದು ಕಾಂತಶಕ್ತಿಯಿಂದ ಕೆಲಸ ಮಾಡುತ್ತದೆ. ಬಣ್ಣ ದಪ್ಪವಾದಷ್ಟೂ ಉಪಕರಣಕ್ಕೂ ಉಕ್ಕಿಗೂ ನಡುವಿನ ದೂರ ಹೆಚ್ಚುವುದರಿಂದ ಕಾಂತದ ಪ್ರಭಾವ ತಗ್ಗುತ್ತದೆ; ಆ ವ್ಯತ್ಯಾಸವನ್ನು ಅಂಕಿಯಾಗಿ ತೋರಿಸುತ್ತದೆ. ಆದರೆ ಮಿಯಾಟಾದ ಬಾನೆಟ್ ಉಕ್ಕಿನದಲ್ಲ, ತೂಕವುಳಿಸಲೆಂದು ಮಾಡಿದ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಅಂಟದು. ಅಲ್ಲಿ ಉಪಕರಣವು ಬೇರೊಂದು ಉಪಾಯ ಮಾಡುತ್ತದೆ: ತಂತಿಯ ಸುರುಳಿಯಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಹಾಯಿಸಿ, ಲೋಹದಲ್ಲಿ ಸುಳಿಯಾಕಾರದ ವಿದ್ಯುತ್ಪ್ರವಾಹವನ್ನು ಹುಟ್ಟಿಸಿ, ಅದರ ಬಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬಂಪರು ಪ್ಲಾಸ್ಟಿಕ್ಕಿನದಾದ್ದರಿಂದ ಈ ಎರಡು ಉಪಾಯಗಳೂ ಅಲ್ಲಿ ನಡೆಯವು. ಒಂದೇ ಕಾರಿನ ಮೇಲೆ ಭೌತಶಾಸ್ತ್ರದ ಮೂರು ಪಾಠಗಳಿವೆ!

ಹೆತ್ತವರಿಗೂ ಈ ಅಳತೆಯಿಂದ ಪ್ರಯೋಜನವಿದೆ. ಹಳೆಯ ಕಾರನ್ನು ಕೊಳ್ಳುವಾಗ ಎಲ್ಲ ಕಡೆ ೧೨೦ರ ಸುಮಾರಿಗೆ ಇದ್ದ ಅಂಕಿಯು ಒಂದು ಬಾಗಿಲಿನ ಮೇಲೆ ಮಾತ್ರ ೫೦೦ನ್ನೋ ೮೦೦ನ್ನೋ ತೋರಿಸಿದರೆ, ಆ ಬಾಗಿಲು ಎಂದೋ ಜಜ್ಜಿಹೋಗಿ, ಪುಟ್ಟಿ ತುಂಬಿಸಿಕೊಂಡು, ಮೇಲೆ ಬಣ್ಣ ಹೊಡೆಸಿಕೊಂಡಿದೆ ಎಂದು ತಿಳಿಯಬೇಕು. ಉಪಕರಣವಿಲ್ಲದವರು ತೆಳುಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಅಯಸ್ಕಾಂತವನ್ನು ಉಕ್ಕಿನ ಭಾಗಗಳಿಗೆ ತಾಗಿಸಿ ನೋಡಬಹುದು. ಪುಟ್ಟಿ ದಪ್ಪಗಿರುವೆಡೆಯಲ್ಲಿ ಅದು ನಿಲ್ಲದೆ ಜಾರುತ್ತದೆ. ಪುಟ್ಟಿಯಿದ್ದ ಮಾತ್ರಕ್ಕೆ ಕಾರು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಮುಚ್ಚಿಟ್ಟು, ಮೇಲೆ ಮೆರುಗು ಕೊಟ್ಟು, ‘ಪೆಟ್ಟು ತಿಂದೇ ಇಲ್ಲ’ ಎಂದು ಮಾರುವುದು ಮೋಸವೇ ಸರಿ.

ಅಳತೆಯಾದ ಬಳಿಕ ತೊಳೆಯುವುದು. ಇದನ್ನು ಕೀಳು ಕೆಲಸವೆಂದು ಭಾವಿಸುವವರು ಅತ್ಯಧಿಕ ಹಾನಿಯನ್ನು ಇಲ್ಲಿಯೇ ಮಾಡುತ್ತಾರೆ. ಕಪ್ಪು ಅಥವಾ ಕೆಂಪು ಕಾರಿನ ಮೇಲೆ ಬಿಸಿಲಿನಲ್ಲಿ ಜೇಡನ ಬಲೆಯಂತೆ ಕಾಣುವ ಸಣ್ಣ ಗೀರುಗಳು ರಸ್ತೆಯಲ್ಲಿ ಆದವುಗಳಲ್ಲ; ಧೂಳು ತುಂಬಿದ ಬಟ್ಟೆಯಿಂದ ಪ್ರತಿದಿನ ಬೆಳಿಗ್ಗೆ ಒಣಗಿದ ಕಾರನ್ನು ಒರೆಸಿದ ಭಕ್ತಿಯ ಫಲ. ಮೊದಲು ಧಾರಾಳವಾಗಿ ನೀರು ಹಾಯಿಸಿ ಮಣ್ಣನ್ನು ತೊಳೆದುಬಿಡಬೇಕು. ಅನಂತರ ಎರಡು ಬಕೆಟ್ಟುಗಳನ್ನಿಟ್ಟುಕೊಂಡು, ಒಂದರ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆದು, ಬಟ್ಟೆಯನ್ನು ಇನ್ನೊಂದರ ಬರಿನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಸಾಬೂನಿಗೆ ಅದ್ದಬೇಕು.

ತೊಳೆದ ಮೇಲೂ ಕಾರಿನ ಮೈಮೇಲೆ ಡಾಂಬರಿನ ತುಣುಕು, ಮರದ ಅಂಟು, ಬ್ರೇಕಿನಿಂದ ಸಿಡಿದ ಕಬ್ಬಿಣದ ಪುಡಿ ಕಚ್ಚಿಕೊಂಡಿರುತ್ತವೆ. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಹಾಕಿಕೊಂಡು ಸವರಿದರೆ ಬರಿಗೈಗೆ ತಿಳಿಯದ ಒರಟುತನವೂ ತಿಳಿಯುತ್ತದೆ. ಇದನ್ನು ತೆಗೆಯಲು ಮಕ್ಕಳು ಆಡುವ ಮೇಣದ ಮಣ್ಣಿನಂತಹ ಮೆತ್ತನೆಯ ಉಂಡೆಯೊಂದಿದೆ. ಅದನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, ಸಾಬೂನು ನೀರು ಚಿಮುಕಿಸಿ, ಒತ್ತದೆ ಜಾರಿಸಬೇಕು. ಕೆಳಗೆ ಬಿದ್ದ ಉಂಡೆಯನ್ನು ಎಸೆದುಬಿಡಬೇಕು. ಎಷ್ಟೇ ಬೆಲೆ ಕೊಟ್ಟಿದ್ದರೂ ಅದು ಈಗ ಮರಳಿನ ಉಂಡೆ.

ಪಾಲಿಷಿನ ಕ್ರಮವು ನಮ್ಮ ಹಳ್ಳಿಯ ವೈದ್ಯರ ಕ್ರಮದಂತೆ: ಸೌಮ್ಯವಾದ ಮದ್ದು ಮೊದಲು, ಕಟುವಾದದ್ದು ಆಮೇಲೆ. ಮೆತ್ತನೆಯ ಸ್ಪಂಜಿನ ಮೇಲೆ ನವಿರಾದ ಪಾಲಿಷನ್ನು ಹಚ್ಚಿ ಒಂದು ಚದರಡಿಯಷ್ಟು ಜಾಗದಲ್ಲಿ ಪ್ರಯೋಗ ಮಾಡಿ, ಸಾಲದಿದ್ದರೆ ಮಾತ್ರ ಒರಟಾದದ್ದಕ್ಕೆ ಹೋಗಬೇಕು. ಎಚ್ಚರಿಕೆಯಿಂದ ಮಾಡಿದರೆ ಒಂದು ಸಲಕ್ಕೆ ಹೋಗುವುದು ಒಂದೆರಡು ಮೈಕ್ರಾನ್. ಯಂತ್ರಗಳಲ್ಲಿ ಒಂದೇ ಸುತ್ತಿಗೆ ಗಿರಗಿರನೆ ತಿರುಗುವುದು ಒಂದು ಬಗೆ. ತಿರುಗುತ್ತಲೇ ಅತ್ತಿತ್ತ ತೂಗಾಡುವುದು ಇನ್ನೊಂದು. ಮೊದಲನೆಯದು ಬೇಗ ಕೆಲಸ ಮಾಡುತ್ತದೆ, ಒಂದೇ ಕಡೆ ತುಸು ಹೊತ್ತು ನಿಂತರೆ ಬಣ್ಣವನ್ನು ಸುಟ್ಟೂಬಿಡುತ್ತದೆ. ಕಲಿಯುವವರು ಎರಡನೆಯದನ್ನೇ ಹಿಡಿಯಬೇಕು. ಬಾಗಿಲಿನ ಅಂಚು, ತಗಡಿನ ಮಡಿಕೆ, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ಸ್ವಭಾವತಃ ತೆಳು. ಯಂತ್ರದ ಒತ್ತಡವೆಲ್ಲ ಬೀಳುವುದೂ ಅಲ್ಲಿಯೇ. ಅನುಭವಿಗಳು ಈ ಅಂಚುಗಳಿಗೆ ಕಾಗದದ ಪಟ್ಟಿ ಅಂಟಿಸಿಕೊಂಡೇ ಕೆಲಸಕ್ಕಿಳಿಯುತ್ತಾರೆ.

ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಪಾಲಿಷಿನಿಂದ ಹೋಗುವ ಗೀರಲ್ಲ. ಅದರ ಅಂಚುಗಳನ್ನು ದುಂಡಗೆ ಮಾಡಿ ಕಣ್ಣಿಗೆ ಮರೆಸಬಹುದು, ಅಷ್ಟೆ. ಕಲ್ಲು ತಗುಲಿ ಬಣ್ಣ ಹಾರಿದ ಚುಕ್ಕೆಗಳಿಗೆ ಅದೇ ಬಣ್ಣವನ್ನು ಬೆಂಕಿಕಡ್ಡಿಯ ತುದಿಯಷ್ಟು ತೆಗೆದುಕೊಂಡು, ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಮೂರು ನಾಲ್ಕು ಸಲ ಇಟ್ಟು, ವಾರ ಕಳೆದು, ೨೦೦೦ನೆಯ ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಸಮ ಮಾಡಬೇಕು. ಕೊನೆಗೆ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಜಾತಿಯ ಮರವು ಒಣಹವೆಯಲ್ಲಿ ನೀರು ಆರಿಹೋಗದಂತೆ ತನ್ನ ಎಲೆಗೆ ತಾನೇ ಬಳಿದುಕೊಳ್ಳುವ ಕಾರ್ನೌಬಾ ಮೇಣವೇ ಕಾರಿನ ಮೈಗೂ ಹೊದಿಕೆಯಾಗುತ್ತದೆ. ಅದು ಕೆಲವು ತಿಂಗಳ ಅತಿಥಿ. ಸವೆದಂತೆ ಮತ್ತೆ ಹಚ್ಚಬೇಕು.

ಪೂರ್ತಿ ಹೊಸ ಬಣ್ಣವನ್ನು ಸಿಂಪಡಿಸಬೇಕಾದ ಕಾರಿನ ವಿಷಯದಲ್ಲಿ ನಾವು ಬಣ್ಣಕ್ಕಿಂತ ಬಣ್ಣಗಾರನ ಕುರಿತು ಹೆಚ್ಚು ಹೇಳಬೇಕಾಗಿದೆ. ನಮ್ಮ ಶಾಲೆಗಳಲ್ಲಿ ಓದಿದ ಹುಡುಗರಲ್ಲಿಯೂ ಕೆಲವರು ಮುಂದೆ ವಾಹನಗಳ ವರ್ಕ್‌ಷಾಪುಗಳನ್ನು ಸೇರುವರು. ಇಂದು ಬಳಕೆಯಲ್ಲಿರುವ ಗಟ್ಟಿ ಬಣ್ಣಗಳು ಬಹುವಾಗಿ ಎರಡು ಡಬ್ಬಿಗಳಲ್ಲಿ ಬರುತ್ತವೆ: ಒಂದು ಬಣ್ಣ, ಇನ್ನೊಂದು ಅದನ್ನು ಗಟ್ಟಿಗೊಳಿಸುವ ದ್ರವ. ಈ ಎರಡನೆಯದರಲ್ಲಿ ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕವಿರುತ್ತದೆ. ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ರೋಗ ಬರುವ ಸಂಭವವಿದೆ. ಒಮ್ಮೆ ದೇಹವು ಅದಕ್ಕೆ ಸಿಡಿಮಿಡಿಗೊಂಡ ಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಆ ಮನುಷ್ಯನು ಕಲಿತ ಕಸಬನ್ನೇ ಬಿಡಬೇಕಾಗಿ ಬರುವುದುಂಟು. ಮೂಗಿಗೆ ಕಟ್ಟಿಕೊಂಡ ಕರವಸ್ತ್ರವು ಇದನ್ನು ತಡೆಯಲಾರದು. ಇದ್ದಿಲು ತುಂಬಿದ ಮುಖವಾಡದ ಶಕ್ತಿ ಯಾವಾಗ ಮುಗಿಯಿತೆಂದು ವಾಸನೆಯಿಂದ ತಿಳಿಯೋಣವೆಂದರೆ, ಅಪಾಯದ ಮಟ್ಟವನ್ನು ಮುಟ್ಟಿದಾಗಲೂ ಈ ರಾಸಾಯನಿಕದ ವಾಸನೆ ಮೂಗಿಗೆ ಹತ್ತುವುದಿಲ್ಲ. ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯ ಮೂಲಕ ತಂದುಕೊಡುವ ಮುಖವಾಡ, ಗಾಳಿಯನ್ನು ಹೊರಕ್ಕೆಳೆಯುವ ಕೋಣೆ, ಇವಿಲ್ಲದ ಕಡೆ ಈ ಬಣ್ಣವನ್ನು ಸಿಂಪಡಿಸಬಾರದು. ಕೆಲಸಕ್ಕೆ ಸೇರುವ ಮಗನ ಸಂಬಳವೆಷ್ಟೆಂದು ಕೇಳುವ ತಂದೆತಾಯಿಯರು ಅಲ್ಲಿ ಅಂಥ ಮುಖವಾಡವಿದೆಯೇ ಎಂದೂ ಕೇಳಬೇಕೆಂಬುದು ನಮ್ಮ ಬಿನ್ನಹ. ಮನೆಯಂಗಳದಲ್ಲಿ ಕಾರಿಗೆ ಬಣ್ಣ ಸಿಂಪಡಿಸಲು ಹೊರಡುವ ಉತ್ಸಾಹಿಗಳಿಗೂ ಇದು ಸಲ್ಲುವ ಮಾತು.

ಇನ್ನು ಕಾರಿನ ಒಳಗೆ. ಮಿಯಾಟಾದ ಮೊದಲ ಆಸನಗಳ ಬಟ್ಟೆಯ ನೇಯ್ಗೆಯು ಜಪಾನೀ ಮನೆಗಳ ತಾತಾಮಿ ಚಾಪೆಯನ್ನು ನೆನಪಿಸುವಂತಿತ್ತು. ಬಟ್ಟೆಯ ಆಸನವನ್ನು ಶುಚಿಗೊಳಿಸುವಾಗ ನೊರೆಯನ್ನು ಬಳಸಬೇಕೇ ಹೊರತು ನೀರನ್ನು ಸುರಿಯಬಾರದು. ಒಳಗಿನ ಸ್ಪಂಜು ನೀರು ಕುಡಿದರೆ ಆರದೆ ಮುಗ್ಗಲು ವಾಸನೆ ಬರುತ್ತದೆ. ಕೆಲವು ಮಿಯಾಟಾಗಳಲ್ಲಿ ತಲೆಯಾನಿಸುವ ದಿಂಬಿನೊಳಗೇ ಧ್ವನಿವರ್ಧಕಗಳಿದ್ದವೆಂಬುದನ್ನೂ ಮರೆಯಬಾರದು.

ಜಪಾನಿನಲ್ಲಿ ೧೯೯೦ರಲ್ಲಿ ಬಂದ, ಹಸಿರು ಮೈಯ ವಿ-ಸ್ಪೆಷಲ್ ಎಂಬ ಮಾದರಿಗೆ ಕಂದುಬಣ್ಣದ ಚರ್ಮದ ಆಸನಗಳಿದ್ದವು. ಚರ್ಮದ ಬಗೆಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಮೆಟ್ಟಿನ ಚರ್ಮಕ್ಕೆ ಎಣ್ಣೆ ಹಾಕಿ ಮೆತ್ತಗೆ ಮಾಡಿದಂತೆ ಆಸನಕ್ಕೂ ಎಣ್ಣೆ ಹಚ್ಚಬೇಕೆಂದು ಹಲವರು ನಂಬಿದ್ದಾರೆ. ಆದರೆ ಕಾರಿನ ಚರ್ಮದ ಮೇಲೆ ಸಾಮಾನ್ಯವಾಗಿ ಬಣ್ಣ ಸೇರಿಸಿದ ಪ್ಲಾಸ್ಟಿಕ್ಕಿನ ತೆಳುಪೊರೆಯೊಂದಿರುತ್ತದೆ. ಎಣ್ಣೆ ಅದನ್ನು ದಾಟಿ ಒಳಗಿಳಿಯುವುದು ಕಷ್ಟ. ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ. ಹಳೆಯ ಆಸನದ ಮೇಲೆ ಕಾಣುವ ಜಿಡ್ಡಿನ ಮಿರುಗು ಚರ್ಮದ ಆರೋಗ್ಯವಲ್ಲ, ಕೂತೆದ್ದವರ ಬೆವರು. ಹೊಸ ಚರ್ಮದ ಆಸನಕ್ಕೆ ಮಂದವಾದ ಕಾಂತಿಯೇ ಸಹಜ. ಕ್ಷಾರವಿಲ್ಲದ ಸೌಮ್ಯವಾದ ಸಾಬೂನಿನಿಂದ ಮೃದುವಾದ ಬ್ರಷ್ಷಿನಲ್ಲಿ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿದರೆ, ಬಣ್ಣ ಹೋಯಿತೆಂದುಕೊಂಡಿದ್ದ ಆಸನವು ಎಷ್ಟೋ ಸಲ ಕೊಳೆಯಾಗಿತ್ತಷ್ಟೆ ಎಂದು ತಿಳಿದುಬರುತ್ತದೆ. ನಿಜವಾಗಿ ಸವೆದ ಅಂಚುಗಳಿಗೆ ಮಾತ್ರ ಜಿಡ್ಡು ತೆಗೆದು, ಬಿರುಕಿಗೆ ಬಾಗುವ ಗುಣದ ಲಪ್ಪವನ್ನು ತುಂಬಿ, ನವಿರಾಗಿ ಉಜ್ಜಿ, ನೀರಿನಲ್ಲಿ ಕರಗುವ ಚರ್ಮದ ಬಣ್ಣವನ್ನು ತೆಳುವಾಗಿ ಹಲವು ಸಲ ಕೊಡಬೇಕು.

ಡ್ಯಾಷ್‌ಬೋರ್ಡಿನ ವಿನೈಲ್ ಮೆತ್ತಗಿರುವುದು ಅದಕ್ಕೆ ಬೆರೆಸಿದ ಒಂದು ಎಣ್ಣೆಯಂತಹ ವಸ್ತುವಿನಿಂದ. ಬಿಸಿಲಿನ ಕಾವಿಗೆ ಅದು ಆವಿಯಾಗಿ ಹೊರಟು ಮುಂದಿನ ಗಾಜಿನ ಒಳಮೈಯಲ್ಲಿ ಮಂಜಿನಂತೆ ಕೂರುತ್ತದೆ. ವಿನೈಲು ಗಟ್ಟಿಯಾಗಿ ಬಿರಿಯುತ್ತದೆ. ಬಿರಿದುದನ್ನು ಕೂಡಿಸುವುದು ದುಸ್ಸಾಧ್ಯ. ಅದಕ್ಕೆ ಹೊಳೆಯುವ ಸಿಲಿಕೋನ್ ಬಳಿಯುವವರು ಗಾಜಿನಲ್ಲಿ ಅದರ ಪ್ರತಿಬಿಂಬವನ್ನು ಕಂಡು ಕಣ್ಣು ಕುಕ್ಕಿಸಿಕೊಳ್ಳುತ್ತಾರೆ. ನೆರಳಿನಲ್ಲಿ ನಿಲ್ಲಿಸುವುದು, ಗಾಜಿಗೆ ಮರೆ ಕಟ್ಟುವುದು, ಇವೇ ಅದಕ್ಕೆ ತಕ್ಕ ಶುಶ್ರೂಷೆ.

ಇಷ್ಟೆಲ್ಲ ಮಾಡಿಯೂ ಹಾಳಾಗುವ ಮಿಯಾಟಾಗಳುಂಟು. ಅವುಗಳ ಕೇಡು ಛಾವಣಿಯ ಹಿಂಬದಿಯಿಂದ ಬರುತ್ತದೆ. ಹಿಂಗಿಟಕಿಯು ಗಾಜಿನದಲ್ಲ, ಬಗ್ಗುವ ಪ್ಲಾಸ್ಟಿಕ್ಕಿನದು. ಛಾವಣಿಯನ್ನು ಮಡಚುವ ಮೊದಲು ಅದರ ಜಿಪ್ಪನ್ನು ಬಿಚ್ಚಿ ಮಲಗಿಸದಿದ್ದರೆ ಮಡಿಕೆ ಬಿದ್ದು ಸೀಳುತ್ತದೆ. ಛಾವಣಿಯ ಮೇಲೆ ಬಿದ್ದ ಮಳೆಯ ನೀರು ಹಿಂದಕ್ಕೆ ಹರಿದು, ಆಸನಗಳ ಹಿಂದೆ ಎರಡೂ ಮೂಲೆಗಳಲ್ಲಿರುವ ಸಣ್ಣ ರಂಧ್ರಗಳ ಮೂಲಕ ಕೆಳಗಿಳಿದು ಹೋಗುವಂತೆ ಏರ್ಪಾಡಿದೆ. ತರಗೆಲೆ, ಮಣ್ಣು ಸೇರಿ ಈ ರಂಧ್ರ ಕಟ್ಟಿಕೊಂಡರೆ ನೀರು ಒಳಗಿನ ನೆಲಹಾಸನ್ನು ನೆನೆಸುತ್ತದೆ, ಬಾಗಿಲ ಕೆಳಗಿನ ಟೊಳ್ಳಾದ ಉಕ್ಕಿನ ಪಟ್ಟಿಯೊಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಹೊರಗೆ ಬಣ್ಣವು ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತ ಬಂದು, ಹಿಂದಿನ ಚಕ್ರದ ಮುಂಭಾಗದಲ್ಲಿ ಒಂದು ದಿನ ಸಣ್ಣ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಕೆಂಪು ಬಳಿದು ಮಾರಿದ ಕಾರುಗಳಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ಬಾಗಿಲುಗಳ ಅಡಿಯ ತೂತುಗಳು ಕೆಸರಿನಿಂದ ಕಟ್ಟಿಕೊಳ್ಳುವ ನಮ್ಮ ಊರಿನ ಕಾರುಗಳ ಕಥೆಯೂ ಇದೇ.

ಆದುದರಿಂದ ಬಲ್ಲವರು ಇಂಥ ಕಾರನ್ನು ಮನೆಗೆ ತಂದ ದಿನ ಬಣ್ಣವನ್ನು ಮುಟ್ಟುವುದಿಲ್ಲ. ನೆಲಹಾಸನ್ನು ಎತ್ತಿ ಕೈಯಿಟ್ಟು ತೇವವಿದೆಯೇ ಎಂದು ನೋಡುತ್ತಾರೆ. ಆಸನದ ಹಿಂದಿನ ಮೂಲೆಯ ರಂಧ್ರಕ್ಕೆ ಒಂದು ಲೋಟ ನೀರನ್ನು ಮೆಲ್ಲನೆ ಸುರಿದು, ಕಾರಿನಡಿಗೆ ಬಗ್ಗಿ, ಹಿಂಚಕ್ರದ ಮುಂದೆ ನೀರು ಬೀಳುವುದನ್ನು ಕಾಯುತ್ತಾರೆ. ಬೀಳದಿದ್ದರೆ, ಕೊಳವೆಯನ್ನು ಚುಚ್ಚದಂತಹ ದಪ್ಪನೆಯ ನೈಲಾನ್ ದಾರವನ್ನು ಮೇಲಿನಿಂದ ಇಳಿಸಿ ಕಸವನ್ನು ಸಡಿಲಗೊಳಿಸಿ, ಮತ್ತೊಂದು ಲೋಟ ನೀರು ಹೊಯ್ಯುತ್ತಾರೆ. ಎರಡೂ ಬದಿಗಳಲ್ಲಿ ನೀರು ಸರಾಗವಾಗಿ ನೆಲಕ್ಕೆ ಬಿದ್ದ ಮೇಲೆ ಕಾರು ತೊಳೆಯುವ ಬಕೆಟ್ಟುಗಳನ್ನು ಹೊರಗೆ ತರುತ್ತಾರೆ.